ಹಿಮ್ಮಡಿ ಇರುವ ಲೆನ್ಸ್ ಚೀಲ

ಗುಂಡಿ ಹೊಲಿಯಲು ಬರುವುದಿಲ್ಲವೆಂದು ಒಮ್ಮೆ ಹೇಳಿಬಿಟ್ಟ ಗಂಡಸು ಆಮೇಲೆ ಜನ್ಮದಲ್ಲಿ ದಾರದ ಹತ್ತಿರ ಸಿಕ್ಕಿಬೀಳಬಾರದು. ಕ್ಯಾಮೆರಾ ಮಾಮನ ಕಷ್ಟಗಳಿಗೆಲ್ಲ ಮೂಲ ಇದೇ.

ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ಅಂಗಿ ತಂದು ಮುಂದಿಟ್ಟು, ಗುಂಡಿ ಹಾಕಿಕೊಳ್ಳುವುದನ್ನು ನೀವೂ ಸ್ವಲ್ಪ ಕಲಿಯಿರಿ ಎಂದಿದ್ದಳು. ಮಾಮ ಆಗ ಕುತ್ತಿಗೆಗೆ ಕ್ಯಾಮೆರಾ ನೇತುಹಾಕಿಕೊಂಡು ಕಿಟಕಿಯ ಬೆಳಕನ್ನು ಅಂದಾಜು ಮಾಡುತ್ತ ನಿಂತಿದ್ದ. ತನ್ನವು ಬೆಳಕಿನ ಜೊತೆ ಕೆಲಸ ಮಾಡುವ ಬೆರಳುಗಳೆಂದೂ, ಸೂಜಿ ದಾರ ಹಿಡಿದರೆ ಅವುಗಳ ಸೂಕ್ಷ್ಮತೆ ಹಾಳಾಗುತ್ತದೆಂದೂ ಬಹಳ ಗಂಭೀರವಾಗಿ ತಿಳಿಸಿದ. ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಕೇಳಿದ್ದನ್ನು ಮರೆಯುವ ಪೈಕಿ ಅಲ್ಲ. ಅಂದಿನಿಂದ ಗುಂಡಿಗಳನ್ನೆಲ್ಲ ತಾನೇ ಹೊಲಿದಳು. ಊಟಕ್ಕೆ ಕರೆಯುವಾಗ ಮಾತ್ರ "ಬೆಳಕಿನ ಬೆರಳಿನವರು ಬರಬಹುದು" ಎಂದು ಕರೆಯುವ ಅಭ್ಯಾಸ ಮಾಡಿಕೊಂಡಳು.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಮಾಮ ಹಿರಿಯ ಗುಮಾಸ್ತ. ನಲ್ಲಿಯಲ್ಲಿ ನೀರು ಬರುತ್ತಿಲ್ಲವೆಂದು ಬಂದವರಿಗೂ, ಬಂದ ನೀರು ನಿಲ್ಲುತ್ತಿಲ್ಲವೆಂದು ಬಂದವರಿಗೂ ಒಂದೇ ಧ್ವನಿಯಲ್ಲಿ "ನೋಡೋಣ" ಎನ್ನುವುದು ಅವನ ಕೆಲಸ. ಇಡೀ ಬೀದಿ ಫೋನಿನಲ್ಲೇ ಚಿತ್ರ ತೆಗೆದು ಫೋನಿನಲ್ಲೇ ಅಳಿಸುತ್ತಿದ್ದ ಕಾಲದಲ್ಲಿ ಅವನೊಬ್ಬ ಮಾತ್ರ ಫಿಲ್ಮ್ ರೋಲು ಹಾಕುವ ಹಳೆಯ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ. ಮಕ್ಕಳು ಕ್ಯಾಮೆರಾ ಮಾಮ ಎಂದರು. ಹಾಲಿನವನೂ ಹಾಗೇ ಅಂದ, ಪೋಸ್ಟಿನವನೂ ಅಂದ, ಕೊನೆಗೆ ಕಚೇರಿಯ ಸಾಹೇಬರೇ ಒಂದು ದಿನ ಮೈಮರೆತು ಹಾಗೆ ಕರೆದು, ಕೆಮ್ಮಿ, ಕಿಟಕಿಯ ಕಡೆ ತಿರುಗಿಕೊಂಡರು.

ಮನೆಯ ಹಿಂಬದಿಯ ಸಾಮಾನು ಕೋಣೆಯೇ ಅವನು ಫೋಟೋ ತೊಳೆಯುವ ಕತ್ತಲೆ ಕೋಣೆ. ಕಿಟಕಿಗೆ ಕಪ್ಪು ಬಟ್ಟೆ, ಮೇಲೊಂದು ಕೆಂಪು ಬಲ್ಬು, ಮೇಜಿನ ಮೇಲೆ ಸಾಲಾಗಿ ದ್ರಾವಣದ ತಟ್ಟೆಗಳು. ಒಳಗೆ ಹೋಗಿ ಚಿಲಕ ಹಾಕಿಕೊಂಡನೆಂದರೆ ಯಾರೂ ಬಾಗಿಲು ತಳ್ಳುವಂತಿಲ್ಲ, ಬೆಳಕು ಬಿದ್ದರೆ ಚಿತ್ರ ಹಾಳು. ಆದರೆ ಕಾಗದ ನೆನೆಯುವಷ್ಟು ಹೊತ್ತು, ಆಮೇಲೆ ತೊಳೆಯುವಷ್ಟು ಹೊತ್ತು, ಆಮೇಲೆ ಒಣಗುವಷ್ಟು ಹೊತ್ತು ಅಲ್ಲಿ ಮನುಷ್ಯನಿಗೆ ಮಾಡಲು ಏನೆಂದರೆ ಏನೂ ಇರುವುದಿಲ್ಲ. ಅದೇ ಕೋಣೆಯ ಮೂಲೆಯಲ್ಲಿ ಅತ್ತೆಯವರ ಬುಟ್ಟಿಯೊಂದಿತ್ತು. ಕಣ್ಣು ಮಂಜಾದ ಮೇಲೆ ಅವರು ಕೈಬಿಟ್ಟ ಹೆಣಿಗೆಯ ಬುಟ್ಟಿ. ಉದ್ದನೆಯ ಕಡ್ಡಿಗಳು, ಉಲ್ಲನ್ ಉಂಡೆಗಳು, ಅರ್ಧ ಹೆಣೆದು ಬಿಟ್ಟ ಏನೋ ಒಂದು. ಒಂದು ದಿನ ಕೈ ಸುಮ್ಮನಿರಲಾರದೆ ಮಾಮ ಆ ಅರ್ಧವನ್ನು ಎತ್ತಿಕೊಂಡ. ಎರಡು ಸಾಲು ಬಿಚ್ಚಿದ, ನೂಲು ಹೇಗೆ ಹೋಗಿದೆ ಎಂಬುದು ತಿಳಿಯಿತು. ಮತ್ತೆ ಹಾಕಿ ನೋಡಿದ, ಬಂತು. ಆ ದಿನ ತಟ್ಟೆಯಲ್ಲಿದ್ದ ಚಿತ್ರಗಳೆಲ್ಲ ನೆನೆದು ನೆನೆದು ಇದ್ದಿಲಿನಂತೆ ಕಪ್ಪಾದವು. ಅದು ಅವನ ಗಮನಕ್ಕೇ ಬರಲಿಲ್ಲ.

ಹೀಗೆ ಬೆಳಕಿನ ಬೆರಳುಗಳು ಕತ್ತಲಲ್ಲಿ ದಾರಿ ತಪ್ಪಿದವು. ಮೊದಲು ಪಟ್ಟಿ ಹೆಣೆದ, ಆಮೇಲೆ ಟೋಪಿ, ಆಮೇಲೆ ಕಾಲುಚೀಲಕ್ಕೆ ಬಂದು ನಿಂತ. ಅದೂ ಎಳೆ ಮಕ್ಕಳ ಕಾಲುಚೀಲ. ಬೇಗ ಮುಗಿಯುತ್ತದೆ, ಹಿಮ್ಮಡಿ ತಿರುಗಿಸುವಲ್ಲಿ ಒಂದು ಗತ್ತಿದೆ, ಎಲ್ಲಕ್ಕಿಂತ ಮುಖ್ಯವಾಗಿ ಕ್ಯಾಮೆರಾ ಚೀಲದಲ್ಲಿ ಅಡಗುತ್ತದೆ. ಒಂದೇ ತೊಂದರೆ ಬಣ್ಣದ್ದು. ಕೆಂಪು ಬೆಳಕಿನಲ್ಲಿ ಬಿಳಿ, ಹಳದಿ, ಕಿತ್ತಳೆ ಎಲ್ಲವೂ ಒಂದೇ ಥರ ಕಾಣುತ್ತವೆ. ಬಿಳಿ ಕಾಲುಚೀಲವೆಂದುಕೊಂಡು ಮುಗಿಸಿ ಹೊರಗೆ ತಂದು ನೋಡಿದರೆ ಬೆರಳ ತುದಿ ಕಿತ್ತಳೆ, ಹಿಮ್ಮಡಿ ಹಳದಿ, ನಡುವೆ ಮಾತ್ರ ಬಿಳಿ. ಇಂಥವನ್ನು ಅವನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಸರ್ಕಾರಿ ಆಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲ ಹಿಡಿಗೆ ಸಿಕ್ಕಿಸಿ ಹಿಂತಿರುಗಿ ನೋಡದೆ ಬಂದುಬಿಡುತ್ತಿದ್ದ. ಅಲ್ಲಿನ ಮಕ್ಕಳಿಗೆ ಬಣ್ಣದ ಚಿಂತೆ ಇರಲಿಲ್ಲ.

ಹೆಂಡತಿಗೆ ಹೇಳಿಬಿಡಬಹುದಿತ್ತು. ಆದರೆ ಹೇಳಿದ ಮರುಕ್ಷಣವೇ ಅಷ್ಟು ವರ್ಷಗಳ ಗುಂಡಿಗಳೆಲ್ಲ ಒಟ್ಟಿಗೆ ಎದ್ದು ಬರುತ್ತವೆ ಎಂಬ ಭಯ ಅವನಿಗಿತ್ತು.

ಈ ಗುಟ್ಟು ಗೊತ್ತಿದ್ದವರು ಛಾಯಾಗ್ರಾಹಕರ ಬಳಗದವರು ಮಾತ್ರ. ಭಾನುವಾರ ಬೆಳಿಗ್ಗೆ ಊರಾಚೆಯ ಕೆರೆಗೆ ಹೋಗಿ ಪ್ರಕೃತಿಯನ್ನು ಸೆರೆಹಿಡಿಯುವ ನಾಲ್ವರ ಬಳಗ ಅದು. ನಾಲ್ವರೂ ಕ್ಯಾಮೆರಾ ಹೊತ್ತು ಹೊರಡುತ್ತಿದ್ದರು, ಕೆರೆ ಏರಿ ಮುಟ್ಟಿದ ಕೂಡಲೇ ಕ್ಯಾಮೆರಾಗಳನ್ನು ಒಂದು ಮರದ ಕೊಂಬೆಗೆ ಸಾಲಾಗಿ ನೇತುಹಾಕಿ ದಿಕ್ಕಿಗೊಬ್ಬರಂತೆ ಚದುರುತ್ತಿದ್ದರು. ಬಳಗದ ಅಧ್ಯಕ್ಷರು ಹಲ್ಲಿನ ಡಾಕ್ಟರು. ಅವರಿಗೆ ಕ್ಲಾರಿನೆಟ್ ಊದುವ ಚಟ. ಕ್ಲಿನಿಕ್ಕಿನ ಮೇಲಿನ ಮನೆಯಲ್ಲಿ ಊದಿದರೆ ಕೆಳಗೆ ಕಾಯುತ್ತಿರುವ ರೋಗಿಗಳು ಒಳಗೆ ಯಾರದೋ ಹಲ್ಲು ಕೀಳುತ್ತಿದ್ದಾರೆಂದು ಎದ್ದು ಓಡುತ್ತಿದ್ದರು, ಹಾಗಾಗಿ ಬಂಡೆಯ ಹಿಂದೆ ಊದುವುದೇ ಕ್ಷೇಮ. ಬ್ಯಾಂಕ್ ಮ್ಯಾನೇಜರಿಗೆ ಗಾಳಿಪಟ. ವಾರವಿಡೀ ಸಾಲ ಕೊಡುವುದಿಲ್ಲವೆಂದು ಮುಖ ಗಂಟಿಕ್ಕಿಕೊಂಡು ಕೂತವರು ಪಟದ ಹಿಂದೆ ಓಡುವುದನ್ನು ಯಾರಾದರೂ ನೋಡಿದರೆ ನಾಳೆ ಬೆಳಿಗ್ಗೆ ಬ್ಯಾಂಕಿನ ಮುಂದೆ ಸಾಲ ಕೇಳುವವರ ಸಾಲು ನಿಲ್ಲುತ್ತದೆ. ಬೇಕರಿ ಯಜಮಾನರ ಗುಟ್ಟಂತೂ ಎಲ್ಲರದಕ್ಕಿಂತ ಅಪಾಯದ್ದು. ಅವರಿಗೆ ಇರುವೆಗಳೆಂದರೆ ಪ್ರಾಣ. ಹೊಟ್ಟೆಯ ಮೇಲೆ ಮಲಗಿ, ಬಿಸ್ಕತ್ತಿನ ಪುಡಿ ಉದುರಿಸಿ, ಇರುವೆಗಳು ಅದನ್ನು ಹೊತ್ತು ಹೋಗುವುದನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಬೇಕರಿಯವನಿಗೆ ಇರುವೆ ಕಂಡರೆ ಪ್ರೀತಿ ಎಂದು ಊರಿಗೆ ತಿಳಿದರೆ ಅವರ ಬ್ರೆಡ್ಡನ್ನು ಯಾರು ಮುಟ್ಟುತ್ತಾರೆ.

ವರ್ಷಕ್ಕೊಮ್ಮೆ ಗ್ರಂಥಾಲಯದ ಹಾಲಿನಲ್ಲಿ ಬಳಗದ ಛಾಯಾಚಿತ್ರ ಪ್ರದರ್ಶನ. ಹಳೆಯ ಚಿತ್ರಗಳಿಗೇ ಹೊಸ ಚೌಕಟ್ಟು ಹಾಕಿ ಅದನ್ನು ಹೇಗೋ ದಾಟಿಸುತ್ತಿದ್ದರು.

ಎಲ್ಲ ಸುಸೂತ್ರವಾಗಿತ್ತು. ಒಂದು ಸಂಜೆ ಮಾಮ ಕಚೇರಿಯಿಂದ ಬಂದವನು ಕ್ಯಾಮೆರಾ ಚೀಲವನ್ನು ಕುರ್ಚಿಗೆ ನೇತುಹಾಕಿ ಕೈಕಾಲು ತೊಳೆಯಲು ಹೋದ. ಜಿಪ್ಪು ಪೂರ್ತಿ ಎಳೆದಿರಲಿಲ್ಲ. ಚೀಲ ಜಾರಿತು, ಅದರಿಂದ ಒಂದು ಪುಟ್ಟ ಕಾಲುಚೀಲ ಉರುಳಿ, ಚಹಾ ಕುಡಿಯುತ್ತ ಕೂತಿದ್ದ ಮೂವರು ಹೆಂಗಸರ ನಡುವೆ ಬಿತ್ತು. ಹೆಂಡತಿ, ಅತ್ತೆ, ಮತ್ತು ಮೇಲ್ಮನೆಯ ನರ್ಸಮ್ಮ. ನರ್ಸಮ್ಮ ಆಸ್ಪತ್ರೆಯಲ್ಲಿ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಆಸ್ಪತ್ರೆ ಬಿಟ್ಟರೂ ರೌಂಡ್ಸ್ ಬಿಟ್ಟಿರಲಿಲ್ಲ, ದಿನಕ್ಕೊಂದು ಸಲ ಬೀದಿಯ ಮನೆಗಳನ್ನೆಲ್ಲ ನೋಡಿಕೊಂಡು ಬರುತ್ತಿದ್ದರು.

ಮಾಮ ಮುಖ ಒರೆಸಿಕೊಳ್ಳುತ್ತ ಬಂದಾಗ ಮೂವರೂ ಅದನ್ನು ಮೇಜಿನ ಮೇಲಿಟ್ಟು ಸುತ್ತ ಕೂತಿದ್ದರು. ಇದೇನೆಂದು ಹೆಂಡತಿ ಕೇಳಿದಳು. ದೂರು ವಿಭಾಗದಲ್ಲಿ ಅಷ್ಟು ವರ್ಷ ಕಳೆದವನಿಗೆ ಸುಳ್ಳು ಹೇಳುವುದು ಚೆನ್ನಾಗಿಯೇ ಬರಬೇಕಿತ್ತು. ಬರಲಿಲ್ಲ.

"ಅದು ಲೆನ್ಸ್ ಚೀಲ. ಧೂಳು ಕೂರಬಾರದು ಅಂತ" ಅಂದ.

ನರ್ಸಮ್ಮ ಅದನ್ನು ಎತ್ತಿ ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ನಿಮ್ಮ ಲೆನ್ಸಿಗೆ ಹಿಮ್ಮಡಿ ಇದೆಯಾ?" ಎಂದು ಕೇಳಿದರು.

ನರ್ಸಮ್ಮ ಎರಡು ಬೆರಳುಗಳನ್ನು ಅದರೊಳಗೆ ಹಾಕಿ ಅಳೆದು, ಮೂರು ತಿಂಗಳೊಳಗಿನ ಮಗುವಿನದು, ತೂಕವೂ ಚೆನ್ನಾಗಿದೆ ಎಂದು ವರದಿ ಕೊಟ್ಟರು. ಅತ್ತೆ ಕೈಚಾಚಿ ಇಸಿದುಕೊಂಡರು. ಕಣ್ಣು ಮಂಜಾದರೂ ಬೆರಳು ಮಂಜಾಗಿರಲಿಲ್ಲ. ಒಂದೊಂದೇ ಕುಣಿಕೆಯನ್ನು ಸವರಿ, ಇದನ್ನು ಹೆಣೆದವಳು ಅನುಭವ ಇಲ್ಲದವಳು, ಚಿಕ್ಕ ವಯಸ್ಸಿನವಳು, ನೂಲು ಸಡಿಲ ಬಿಟ್ಟಿದ್ದಾಳೆ, ಹಿಮ್ಮಡಿ ತಿರುಗಿಸುವಾಗ ಅವಸರಪಟ್ಟಿದ್ದಾಳೆ ಎಂದರು.

ಇಷ್ಟು ಹೊತ್ತು ಹೆದರಿ ನಿಂತಿದ್ದ ಮಾಮನಿಗೆ ಈ ಮಾತು ಮಾತ್ರ ಸಹಿಸಲಾಗಲಿಲ್ಲ.

"ಹಿಮ್ಮಡಿ ಹತ್ರ ಏನೂ ಅವಸರ ಪಟ್ಟಿಲ್ಲ ಅತ್ತೆ. ಎರಡು ಸಲ ಬಿಚ್ಚಿ ಹಾಕಿದ್ದು ಅದು."

ಅಷ್ಟು ವಿವರ ಗೊತ್ತಿರಬೇಕಾದರೆ ಹೆಣೆಯುವಾಗ ಪಕ್ಕದಲ್ಲೇ ಕೂತಿರಬೇಕು ಎಂಬ ತೀರ್ಮಾನ ಮೂವರ ಮುಖದಲ್ಲೂ ಏಕಕಾಲಕ್ಕೆ ಮೂಡಿತು. ಹೆಂಡತಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ನರ್ಸಮ್ಮ ಅರ್ಧ ಚಹಾ ಬಿಟ್ಟು ಎದ್ದರು. ನರ್ಸಮ್ಮ ಚಹಾ ಬಿಟ್ಟು ಎದ್ದರೆಂದರೆ ಸುದ್ದಿ ಎಷ್ಟು ಬಿಸಿಯಾಗಿತ್ತು ಎಂದು ಊಹಿಸಿಕೊಳ್ಳಬಹುದು.

ಅಂದಿನಿಂದ ಮನೆಯಲ್ಲಿ ಊಟಕ್ಕೆ ಬೆಳಕಿನ ಬೆರಳಿನವರನ್ನು ಯಾರೂ ಕರೆಯಲಿಲ್ಲ. ತಟ್ಟೆ ಮೇಜಿನ ಮೇಲೆ ಬಂದು ಕೂರುತ್ತಿತ್ತು, ಅಷ್ಟೇ. ಹೆಂಡತಿ ಕೇಳಿದ್ದಕ್ಕೆ ಹೌದು, ಇಲ್ಲ ಎಂಬೆರಡೇ ಉತ್ತರ ಕೊಡುತ್ತಿದ್ದಳು. ತಾನು ಸುಳ್ಳು ಹೇಳಿದ್ದಕ್ಕೆ ಅವಳಿಗೆ ಕೋಪ ಬಂದಿದೆ ಎಂದಷ್ಟೇ ಮಾಮ ತಿಳಿದುಕೊಂಡ. ಕೋಪ ಇಳಿಯಲಿ, ಆಮೇಲೆ ಹೇಳಿದರಾಯಿತು ಎಂದು ಮುಂದೂಡುತ್ತ ಬಂದ. ಕಚೇರಿಯಲ್ಲಿ ಜನರಿಗೆ ಹೇಳುತ್ತಿದ್ದ "ನೋಡೋಣ"ವನ್ನು ತನಗೇ ಹೇಳಿಕೊಂಡ.

ನರ್ಸಮ್ಮನೂ ಕಚೇರಿಯ ಸಾಹೇಬರ ಹೆಂಡತಿಯೂ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವವರು. ಆದ್ದರಿಂದ ಎರಡು ದಿನ ಬಿಟ್ಟು ಸಾಹೇಬರು ಮಾಮನನ್ನು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿಸಿದರು. ಸಾಹೇಬರು ಇಡೀ ಜೀವಮಾನ ಪೈಪುಗಳ ವಿಷಯ ಬಿಟ್ಟು ಬೇರೆ ಮಾತಾಡಿದವರಲ್ಲ. ಸಂಸಾರದ ವಿಷಯ ಎತ್ತಬೇಕಾಗಿ ಬಂದಾಗಲೂ ಅವರಿಗೆ ಸಿಕ್ಕಿದ ಮಾತು ಅದೇ.

"ನೋಡಿ, ಒಂದು ಮುಖ್ಯ ಪೈಪ್ ಇರುತ್ತೆ. ಅದರಿಂದ ಗುಟ್ಟಾಗಿ ಇನ್ನೊಂದು ಕನೆಕ್ಷನ್ ಎಳೆದ್ರೆ ಏನಾಗುತ್ತೆ?"

ಹಿಂದೊಮ್ಮೆ ದೊಡ್ಡ ಪೈಪು ಒಡೆದಾಗ ಹಿಂದಿನ ಬೀದಿಯ ಕೆಲವು ಮನೆಗಳಿಗೆ ಮಾಮ ತನ್ನ ಬಾಯಿಮಾತಿನ ಮೇಲೆ ತಾತ್ಕಾಲಿಕ ನಲ್ಲಿ ಹಾಕಿಸಿಕೊಟ್ಟಿದ್ದ. ಪೈಪು ಸರಿಹೋಯಿತು, ನಲ್ಲಿಗಳು ಉಳಿದುಕೊಂಡವು. ಕೊನೆಗೂ ಇದು ಸಾಹೇಬರ ಕಿವಿಗೆ ಬಿತ್ತು ಎಂದುಕೊಂಡ.

"ಒತ್ತಡ ಕಡಿಮೆ ಆಗುತ್ತೆ ಸಾರ್."

"ಮೊದಲನೇ ಮನೆಯವರಿಗೆ ಅನ್ಯಾಯ ಅಲ್ವಾ?"

"ಹೌದು ಸಾರ್. ಆದ್ರೆ ಪಾಪ, ಅವರಿಗೆ ಬೇರೆ ದಿಕ್ಕಿರಲಿಲ್ಲ. ಬಂದು ಕಣ್ಣೀರು ಹಾಕಿದ್ರು. ನಾನೂ ಮನುಷ್ಯ ತಾನೆ."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾನೆಂದು ಸಾಹೇಬರು ನಿರೀಕ್ಷಿಸಿರಲಿಲ್ಲ. ಧ್ವನಿ ತಗ್ಗಿಸಿ, ಒಂದೇ ಮನೆ ತಾನೆ ಎಂದು ಕೇಳಿದರು.

"ನಾಲ್ಕು ಮನೆ ಸಾರ್. ಎಲ್ಲಾ ಹಿಂದಿನ ಬೀದೀಲೇ. ಜಗಳ ಆಗಬಾರದು ಅಂತ ಬೆಳಿಗ್ಗೆ ಇಬ್ಬರಿಗೆ, ಸಂಜೆ ಇಬ್ಬರಿಗೆ ಅಂತ ಹೊತ್ತು ಹಂಚಿಕೊಟ್ಟಿದೀನಿ."

ಸಾಹೇಬರು ಮುಂದಿದ್ದ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದರು. ಈ ಬಡಕಲು ಗುಮಾಸ್ತನನ್ನು ಮೇಲಿನಿಂದ ಕೆಳಗಿನವರೆಗೆ ಹೊಸದಾಗಿ ನೋಡಿದರು. ಆ ನೋಟದಲ್ಲಿ ಗಾಬರಿಯ ಜೊತೆ ಒಂದಿಷ್ಟು ಗೌರವವೂ ಬೆರೆತಿತ್ತು.

"ನಿಮ್ಮ ಮನೆಯವರಿಗೆ ಇದೆಲ್ಲ ಗೊತ್ತಾ?"

"ಗೊತ್ತಿಲ್ಲದೆ ಏನು ಸಾರ್. ಅವಳೇ ಹೇಳಿದ್ದು, ಪಾಪ ಕೊಡಿ ಅಂತ."

ಸಾಹೇಬರು ಅಂದು ಅರ್ಧ ದಿನ ರಜೆ ಹಾಕಿ ಮನೆಗೆ ಹೋದರು.

ಇಷ್ಟರಲ್ಲಿ ಅತ್ತೆಯವರು ಮಗನಿಗೆ ಫೋನು ಮಾಡಿಸಿದ್ದರು. ಮಾಮನ ಭಾವಮೈದುನ ವಿಮಾ ಕಂಪನಿಯೊಂದರಲ್ಲಿ ತನಿಖೆಯ ಅಧಿಕಾರಿ. ಬೆಂಕಿ ಬಿದ್ದ ಅಂಗಡಿಗೆ ಹೋಗಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ಮೂಸಿ ಹೇಳುವುದು ಅವನ ಉದ್ಯೋಗ. ಬಂದವನೇ ಭಾವನ ಯೋಗಕ್ಷೇಮ ವಿಚಾರಿಸಿದ, ಬೆನ್ನು ತಟ್ಟಿದ, ಚಹಾ ಕುಡಿದ. ಮರುದಿನದಿಂದ ಕಪ್ಪು ಕನ್ನಡಕ ಹಾಕಿಕೊಂಡು ಭಾವನ ಹಿಂದೆ ಬಿದ್ದ. ಅವನು ಹಿಂಬಾಲಿಸುತ್ತಿರುವುದು ಬೀದಿಗೆಲ್ಲ ಗೊತ್ತಿತ್ತು, ಮಾಮನಿಗೊಬ್ಬನಿಗೆ ಬಿಟ್ಟು. ಹಾಲಿನವನಂತೂ, ಈಗಷ್ಟೇ ಆ ಕಡೆ ತಿರುಗಿದ್ರು, ಬೇಗ ಹೋಗಿ ಎಂದು ತಾನಾಗಿಯೇ ದಾರಿ ತೋರಿಸಿದ.

ಸಂಜೆ ಭಾವಮೈದುನ ಅಡುಗೆಮನೆಯಲ್ಲಿ ಅಕ್ಕನನ್ನೂ ಅಮ್ಮನನ್ನೂ ಕೂರಿಸಿಕೊಂಡು ವರದಿ ಒಪ್ಪಿಸಿದ. ಭಾವ ಮಧ್ಯಾಹ್ನದ ಬಿಡುವಿನಲ್ಲಿ ಒಂದು ಅಂಗಡಿಗೆ ಹೋಗಿ ಎಳೆ ಮಕ್ಕಳಿಗೆ ಒಗ್ಗುವ ಮೆತ್ತನೆ ಉಲ್ಲನ್ ಯಾವುದೆಂದು ಕೆನ್ನೆಗೆ ಒತ್ತಿ ಒತ್ತಿ ನೋಡಿ ಆರಿಸಿದರು. ಅಲ್ಲಿಂದ ನೇರ ಸರ್ಕಾರಿ ಆಸ್ಪತ್ರೆಗೆ ಹೋದರು. ಹೆರಿಗೆ ವಾರ್ಡಿನ ಬಾಗಿಲ ಹತ್ತಿರ ಆ ಕಡೆ ಈ ಕಡೆ ನೋಡಿ, ಒಂದು ಪೊಟ್ಟಣ ಸಿಕ್ಕಿಸಿ, ಒಳಗಿಂದ ಮಗು ಅತ್ತಾಗ ಒಂದು ಕ್ಷಣ ನಿಂತು ಕೇಳಿ, ನಗುತ್ತ ಹೊರಟುಹೋದರು. ನಗುತ್ತ ಎಂಬ ಮಾತನ್ನು ಅವನು ಎರಡು ಸಲ ಹೇಳಿದ.

ಹೆಂಡತಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಕೆಳಗಿಟ್ಟಳು. ಅವಳು ತಿದ್ದಿದ್ದ ಕೊನೆಯ ಹಾಳೆಯಲ್ಲಿ ಸರಿಯಾದ ಉತ್ತರಕ್ಕೆ ತಪ್ಪು ಗುರುತು ಬಿದ್ದಿತ್ತು. ಹಾಗೆ ಹಿಂದೆಂದೂ ಆಗಿರಲಿಲ್ಲ.

"ಭಾನುವಾರ ಎಲ್ಲಿಗೆ ಹೋಗ್ತಾರೆ ಅಂತ ನೋಡೋಣ. ಕಣ್ಣಾರೆ ನೋಡದೆ ನಾನು ಏನೂ ನಂಬಲ್ಲ" ಎಂದಳು.

ಭಾನುವಾರ ಬೆಳಿಗ್ಗೆ ಬಳಗದವರು ಬ್ಯಾಂಕ್ ಮ್ಯಾನೇಜರ ಕಾರಿನಲ್ಲಿ ಹೊರಟರು. ಹಿಂದೆಯೇ ಒಂದು ಬಾಡಿಗೆ ಕಾರಿನಲ್ಲಿ ಭಾವಮೈದುನ, ಹೆಂಡತಿ, ಅತ್ತೆ. ನರ್ಸಮ್ಮನನ್ನು ಯಾರೂ ಕರೆದಿರಲಿಲ್ಲ. ಮಗು ಎಂದ ಮೇಲೆ ವೈದ್ಯಕೀಯ ತಿಳಿವಳಿಕೆ ಇರುವ ಒಬ್ಬರು ಜೊತೆಗಿರಬೇಕೆಂದು ತಾವೇ ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದರು.

ಕೆರೆ ಏರಿಯ ಮೇಲೆ ಕಾರು ನಿಲ್ಲಿಸಿ ಇಳಿದಾಗ ಯಾರೂ ಕಾಣಲಿಲ್ಲ. ಒಂದು ಮರದ ಕೊಂಬೆಗೆ ನಾಲ್ಕು ಕ್ಯಾಮೆರಾ ತೂಗಾಡುತ್ತಿದ್ದವು. ಭಾವಮೈದುನ ಅವುಗಳನ್ನು ಮುಟ್ಟದೆ ಸುತ್ತ ಒಂದು ಸುತ್ತು ಬಂದು, ಬಂದ ಕೆಲಸ ಫೋಟೋ ಅಲ್ಲ ಎಂಬುದು ಸಾಬೀತಾಯಿತು ಎಂದ. ಅಷ್ಟರಲ್ಲಿ ಬಂಡೆಗಳ ಹಿಂದಿನಿಂದ ಒಂದು ಹಳದಿ ಗಾಳಿಪಟ ಮೇಲೆದ್ದಿತು. ಅದು ಸಂಕೇತ ಎಂದ. ಯಾರಿಗೆ, ಯಾತಕ್ಕೆ ಎಂದು ಅಕ್ಕ ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲೇ ಇನ್ನೊಂದು ಕಡೆಯಿಂದ ಸಣ್ಣಗೆ, ಎಳೆದೆಳೆದು, ಕರುಳು ಹಿಂಡುವಂತೆ ಒಂದು ಅಳು ಕೇಳಿಸಿತು.

"ಕೇಳಿಸ್ತಾ ಅಕ್ಕಾ?" ಎಂದ ಭಾವಮೈದುನ.

ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. ನರ್ಸಮ್ಮ ಕಿವಿಗೊಟ್ಟು, ಹಸಿವಿನ ಅಳು ಅಲ್ಲ, ಹೊಟ್ಟೆ ಉಬ್ಬರದ್ದು, ಹಾಲು ಕುಡಿಸಿ ಬೆನ್ನು ತಟ್ಟಿಲ್ಲ, ಮೊದಲನೇ ಮಗು ಇರಬೇಕು ಎಂದರು. ಅತ್ತೆಗೆ ಮಾತ್ರ ಅನುಮಾನ ಬಂತು. ಮಗು ಅಷ್ಟು ಹೊತ್ತು ಉಸಿರು ತೆಗೆದುಕೊಳ್ಳದೆ ಅಳುವುದಿಲ್ಲ ಎಂದರು. ಅವರ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಅಳು ಬಂದ ಕಡೆಗೆ ಎಲ್ಲರೂ ಬಗ್ಗಿ ಬಗ್ಗಿ ನಡೆದರು. ಮುಂದೆ ಹೋಗುತ್ತಿದ್ದ ಭಾವಮೈದುನ ಯಾವುದೋ ಮೆತ್ತನೆಯದನ್ನು ಎಡವಿ ಅದರ ಮೇಲೇ ಬಿದ್ದ. ಅದು ಬೇಕರಿ ಯಜಮಾನರ ಬೆನ್ನು. ಅವರು ತಲೆ ಎತ್ತದೆ, ಮೆಲ್ಲಗೆ, ಸಾಲು ತಪ್ಪುತ್ತವೆ ಎಂದರು. ಯಾವುವು ಎಂದು ಭಾವಮೈದುನ ಅವರ ಮೇಲೆ ಮಲಗಿಕೊಂಡೇ ಪಿಸುಮಾತಿನಲ್ಲಿ ಕೇಳಿದ. ಉತ್ತರವನ್ನು ಇರುವೆಗಳೇ ಕೊಟ್ಟವು. ಅವನು ಎದ್ದು ಕುಣಿಯುತ್ತ ಪ್ಯಾಂಟು ಕೊಡವಿಕೊಳ್ಳುವ ಗದ್ದಲಕ್ಕೆ ಬಂಡೆಯ ಹಿಂದಿನ ಅಳು ಥಟ್ಟನೆ ನಿಂತಿತು. ಕ್ಲಾರಿನೆಟ್ ಹಿಡಿದ ಹಲ್ಲಿನ ಡಾಕ್ಟರು, ಕೆನ್ನೆಗಳಲ್ಲಿ ಇನ್ನೂ ಗಾಳಿ ತುಂಬಿಕೊಂಡು, ಇಣುಕಿ ನೋಡಿದರು. ಎದುರಿಗೆ ತಮ್ಮ ಹಳೆಯ ರೋಗಿ ನರ್ಸಮ್ಮ ನಿಂತಿದ್ದಾರೆ.

"ಅದು ನೀವಾ ಡಾಕ್ಟ್ರೇ ಅತ್ತಿದ್ದು?" ಎಂದು ನರ್ಸಮ್ಮ ಕೇಳಿದರು.

ಡಾಕ್ಟರಿಗೆ ಬಹಳ ನೋವಾಯಿತು. ಅದು ವಸಂತ ಋತುವಿನ ಆನಂದವನ್ನು ಸೂಚಿಸುವ ರಾಗ ಎಂದು ಹೇಳಲು ಹೊರಟರು. ಆ ಹೊತ್ತಿಗೆ ಬ್ಯಾಂಕ್ ಮ್ಯಾನೇಜರು ಒಂದು ಕಾಲಿಗೆ ಬೂಟು, ಇನ್ನೊಂದು ಕಾಲಿಗೆ ಬರೀ ಕೆಸರು ಮೆತ್ತಿಕೊಂಡು, ತುಂಡಾದ ದಾರದ ಹಿಂದೆ ಅವರೆಲ್ಲರ ನಡುವಿನಿಂದ ಓಡಿಹೋದರು.

ಹೆಂಡತಿ ಇದಾವುದಕ್ಕೂ ನಿಲ್ಲಲಿಲ್ಲ. ಅವಳು ಮುಂದೆ ಹೋಗಿ ಕೊನೆಯ ಬಂಡೆಯನ್ನು ಬಳಸಿದಳು. ಅಲ್ಲಿ ನೀರಿಗೆ ಮುಖ ಮಾಡಿ ಅವಳ ಗಂಡ ಕೂತಿದ್ದ. ಪಕ್ಕದಲ್ಲಿ ಹೆಂಗಸಿರಲಿಲ್ಲ, ಮಗುವಿರಲಿಲ್ಲ. ಮಡಿಲಲ್ಲಿ ಉಲ್ಲನ್ ಉಂಡೆ, ಕೈಯಲ್ಲಿ ಕಡ್ಡಿಗಳು, ನಾಲಿಗೆಯ ತುದಿ ತುಟಿಯ ಹೊರಗೆ. ಹಿಮ್ಮಡಿ ತಿರುಗಿಸುವ ಕಷ್ಟದ ಜಾಗಕ್ಕೆ ಬಂದಿದ್ದ, ಹಾಗಾಗಿ ಹಿಂದಿನ ಗದ್ದಲ ಅವನ ಕಿವಿಗೆ ಬಿದ್ದಿರಲಿಲ್ಲ. ನೆರಳು ಬಿದ್ದಾಗ ತಿರುಗಿ ನೋಡಿದ. ಹೆಂಡತಿಯನ್ನು ನೋಡಿ ಎದ್ದುನಿಂತ, ಉಂಡೆ ಜಾರಿ ಉರುಳುತ್ತ ಹೋಗಿ ಅವಳ ಕಾಲ ಬಳಿ ನಿಂತಿತು.

"ಲೆನ್ಸ್ ಚೀಲ" ಅಂದ, ಅಭ್ಯಾಸಬಲದಿಂದ. ಆಮೇಲೆ ತಲೆ ತಗ್ಗಿಸಿ, "ಇಲ್ಲ, ಕಾಲುಚೀಲ" ಅಂದ.

ಹೆಂಡತಿ ಅಲ್ಲೇ ಬಂಡೆಯ ಮೇಲೆ ಕೂತುಬಿಟ್ಟಳು. ನಗುತ್ತಾಳೆಂದು ಮಾಮ ಕಾದ. ಅವಳು ನಗಲಿಲ್ಲ, ಅತ್ತಳು. ಮುಖ ಮುಚ್ಚಿಕೊಂಡು, ಸದ್ದಿಲ್ಲದೆ, ಭುಜಗಳು ಅಲುಗುವಂತೆ ಅತ್ತಳು. ಇದುವರೆಗೆ ಏನು ನಡೆಯುತ್ತಿದೆ ಎಂಬುದರ ಗಂಧವೂ ಇಲ್ಲದಿದ್ದ ಮಾಮನಿಗೆ ಅವಳ ಬಿಕ್ಕುಗಳ ನಡುವೆ ಒಂದೊಂದೇ ತಿಳಿಯುತ್ತ ಬಂತು: ಮೂರು ತಿಂಗಳ ಮಗು, ಚಿಕ್ಕ ವಯಸ್ಸಿನವಳು, ಆಸ್ಪತ್ರೆಯ ಬಾಗಿಲು, ನಗು. ತನ್ನಂಥವನ ಬಗ್ಗೆ ಜನ ಅಷ್ಟು ದೊಡ್ಡ ಅನುಮಾನ ಪಡಬಹುದೆಂದು ಅವನು ಕನಸಿನಲ್ಲೂ ನೆನೆದಿರಲಿಲ್ಲ. ಪೊಟ್ಟಣಗಳು ಯಾರಿಗೆ ಹೋಗುತ್ತವೆ ಎಂಬುದನ್ನು ತಡವರಿಸುತ್ತ ಹೇಳಿದ.

"ಇಷ್ಟು ದಿನ ನನ್ನ ಹತ್ರ ಯಾಕೆ ಮುಚ್ಚಿಟ್ರಿ?" ಎಂದು ಕೇಳಿದಳು.

"ನೀನು ನಗ್ತೀಯ ಅಂತ."

"ನಗ್ತಿದ್ದೆ. ಹೊಟ್ಟೆ ತುಂಬ ನಕ್ಕು, ಆಮೇಲೆ ಪಕ್ಕದಲ್ಲಿ ಕೂತ್ಕೊಂಡು ನೋಡ್ತಿದ್ದೆ. ಈಗ ನೋಡಿ, ನಗೋದಕ್ಕೂ ಆಗ್ತಿಲ್ಲ."

ಮಾಮ ಕರವಸ್ತ್ರಕ್ಕೆ ಜೇಬು ತಡಕಿದ, ಸಿಗಲಿಲ್ಲ. ಅರ್ಧ ಹೆಣೆದ ಕಾಲುಚೀಲವನ್ನೇ ಮುಂದೆ ಹಿಡಿದ. ಅವಳು ಅದರಲ್ಲಿ ಕಣ್ಣೊರೆಸಿಕೊಳ್ಳಲು ಹೋದಳು, ಕಡ್ಡಿ ಮೂಗಿಗೆ ತಗುಲಿತು. ಆಗ ನಕ್ಕಳು.

ಅಷ್ಟರಲ್ಲಿ ಅತ್ತೆಯೂ ನರ್ಸಮ್ಮನೂ ಬಂದು ಸೇರಿದರು. ಅತ್ತೆ ಕಾಲುಚೀಲ ಇಸಿದುಕೊಂಡು ಸವರಿ, ಅಳಿಯನೆಂಬ ದಾಕ್ಷಿಣ್ಯ ಕಿಂಚಿತ್ತೂ ತೋರಿಸದೆ, ಅಂದು ಹೇಳಿದ್ದೇ ಸರಿ, ಇದರಲ್ಲೂ ಅವಸರವಿದೆ ಎಂದರು. ಆದರೆ ಹಾಗೆ ಹೇಳಿ ಸುಮ್ಮನಾಗಲಿಲ್ಲ, ಪಕ್ಕದಲ್ಲಿ ಕೂತು ಅವನ ಬೆರಳುಗಳನ್ನು ಹಿಡಿದು ಕುಣಿಕೆ ಬಿಗಿ ಮಾಡುವುದು ಹೇಗೆಂದು ತೋರಿಸಿದರು. ನರ್ಸಮ್ಮನಿಗೆ ಪಾಪ, ಅಷ್ಟು ದೂರ ಬಂದು ಮಗುವೇ ಇಲ್ಲವೆಂದಾದದ್ದು ಸ್ವಲ್ಪ ನಿರಾಸೆಯೇ ಆಯಿತು.

ಸೋಮವಾರ ಹೆಂಡತಿಯೇ ಶಾಲೆಗೆ ಹೋಗುವ ದಾರಿಯಲ್ಲಿ ಕಚೇರಿಗೆ ಬಂದು ಸಾಹೇಬರಿಗೆ ಎಲ್ಲ ವಿವರಿಸಿದಳು. ಸಾಹೇಬರು ನಿಟ್ಟುಸಿರು ಬಿಟ್ಟರು, ನಕ್ಕರು, ಇಂಥ ಒಳ್ಳೆಯ ಮನುಷ್ಯನ ಬಗ್ಗೆ ಏನೇನೋ ತಿಳಿದುಕೊಂಡೆನಲ್ಲ ಎಂದು ಮಾಮನ ಕೈ ಕುಲುಕಿದರು. ಅವಳನ್ನು ಕಳಿಸಿಕೊಡಲು ಬಾಗಿಲ ತನಕ ಹೋದವರು ಏನೋ ಹೊಳೆದಂತಾಗಿ ಹಿಂತಿರುಗಿದರು.

"ಹಾಗಾದ್ರೆ ಆ ನಾಲ್ಕು ಮನೆ?"

ಆ ವಾರವಿಡೀ ಮಾಮ ಹಿಂದಿನ ಬೀದಿಯಲ್ಲಿ ನಿಂತು, ಬಾಯಿಮಾತಿನ ನಲ್ಲಿಗಳನ್ನು ನಿಯಮಕ್ಕೆ ತರುವ ಕೆಲಸ ಮಾಡಿಸಿದ.

ಮುಂದಿನ ಭಾನುವಾರ ಕೆರೆಗೆ ಹೆಂಡತಿಯೂ ಹೋದಳು. ಗಂಡನ ಪಕ್ಕ ಕೂತು ನೋಡಿದಳು. ಗಣಿತದವಳಿಗೆ ಎಷ್ಟು ಹೊತ್ತು ನೋಡುತ್ತ ಕೂರಲಾಗುತ್ತದೆ, ಎದ್ದು ಬಂದು ಕೊಂಬೆಯಲ್ಲಿ ತೂಗಾಡುತ್ತಿದ್ದ ಕ್ಯಾಮೆರಾಗಳಲ್ಲಿ ಗಂಡನದನ್ನು ಕೈಗೆ ತೆಗೆದುಕೊಂಡಳು. ಬೆಳಕಿಗೆ ಎಷ್ಟು, ದೂರಕ್ಕೆ ಎಷ್ಟು ಎಂದು ಕೇಳಿದಳು. ಅದೆಲ್ಲ ಲೆಕ್ಕವೇ ಅಲ್ಲವೇ ಎಂದಳು. ಒಂದೆರಡು ತಿಂಗಳಲ್ಲಿ ಕತ್ತಲೆ ಕೋಣೆಯ ಚಿಲಕ ಒಳಗಿನಿಂದ ಅವಳು ಹಾಕಿಕೊಳ್ಳತೊಡಗಿದಳು, ಮಾಮ ಹೊರಗೆ ವರಾಂಡದ ಬೆಳಕಿನಲ್ಲಿ ಕೂತು ಹೆಣೆಯತೊಡಗಿದ. ಅಲ್ಲಿಂದಾಚೆಗೆ ಹೆರಿಗೆ ವಾರ್ಡಿನ ಮಕ್ಕಳ ಕಾಲುಚೀಲಗಳು ಪೂರ್ತಿ ಒಂದೇ ಬಣ್ಣದಲ್ಲಿ ಬರಲಾರಂಭಿಸಿದವು.

ಆ ವರ್ಷದ ಪ್ರದರ್ಶನಕ್ಕೆ ಹಳೆಯ ಚಿತ್ರಗಳು ಬೇಡ, ನಾನು ತೆಗೆದಿದ್ದನ್ನು ಹಾಕಿ ಎಂದು ಹೆಂಡತಿ ಹೇಳಿದಳು. ಗ್ರಂಥಾಲಯದ ಹಾಲಿಗೆ ಬಂದು ಗೋಡೆ ನೋಡಿದ ಬಳಗದವರಿಗೆ ಕಾಲಕೆಳಗಿನ ನೆಲ ಕುಸಿದಂತಾಯಿತು. ಒಂದು ಗೋಡೆಯ ಮೇಲೆ ಹಲ್ಲಿನ ಡಾಕ್ಟರು, ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಮುಚ್ಚಿ. ಪಕ್ಕದಲ್ಲಿ ಬ್ಯಾಂಕ್ ಮ್ಯಾನೇಜರು, ನೆಲದಿಂದ ಎರಡೂ ಕಾಲು ಮೇಲೆ, ಬಾಯಿ ತೆರೆದು ಆಕಾಶ ನೋಡುತ್ತ. ಅದರಾಚೆ ಬೇಕರಿ ಯಜಮಾನರು, ಹೊಟ್ಟೆಯ ಮೇಲೆ ಮಲಗಿ, ಗಲ್ಲ ಮಣ್ಣಿಗೆ ತಾಗಿಸಿ. ಓಡಿಹೋಗೋಣವೆಂದರೆ ಬಾಗಿಲ ತುಂಬ ಜನ. ಊರಿನವರು ಪ್ರತಿವರ್ಷ ಬಂದು ಎರಡು ನಿಮಿಷದಲ್ಲಿ ಹೊರಡುತ್ತಿದ್ದವರು, ಈ ಸಲ ನಿಂತೇ ಇದ್ದರು. ಒಬ್ಬ ಮುದುಕ, ಈ ಡಾಕ್ಟರ ಹತ್ತಿರ ಹಲ್ಲು ಕೀಳಿಸಿಕೊಂಡರೆ ನೋವಾಗಲಿಕ್ಕಿಲ್ಲ, ಮುಖ ನೋಡಿ ಎಷ್ಟು ಸಂತೋಷವಾಗಿದ್ದಾರೆ ಎಂದ. ಮ್ಯಾನೇಜರ ಚಿತ್ರದ ಮುಂದೆ ಅವರ ಬ್ಯಾಂಕಿನವರೇ ಗುಂಪು ಕಟ್ಟಿ, ಇವರು ನಮ್ಮವರೇ ಹೌದೋ ಅಲ್ಲವೋ ಎಂದು ವಾದಿಸುತ್ತಿದ್ದರು. ಬೇಕರಿಯವರು ನೆಲದಲ್ಲಿ ಏನು ನೋಡುತ್ತಿದ್ದಾರೆಂದು ಒಬ್ಬ ಗಿರಾಕಿ ಕೇಳಿದಾಗ ಅವರು ಗಂಟಲು ಸರಿಮಾಡಿಕೊಂಡು, ಭೂಮಿಯನ್ನು ಎಂದರು. ಹೆಂಡತಿ ಇರುವೆಗಳನ್ನು ಚಿತ್ರದಲ್ಲಿ ಬೇಕೆಂದೇ ಮಸುಕಾಗಿ ಬಿಟ್ಟಿದ್ದಳು.

ನಡುವೆ ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದ ಹಿರಿಯ ಅಧಿಕಾರಿಯೊಬ್ಬರು ಚಿತ್ರಗಳನ್ನೆಲ್ಲ ನೋಡಿ, ಮಾಮನ ಹತ್ತಿರ ಬಂದು, ಇವನ್ನು ತೆಗೆದವರು ತಾವೇ ಎಂದು ಕೇಳಿದ್ದೇನೆ, ಅದ್ಭುತವಾದ ಕೈ ಎಂದರು. ಸುತ್ತ ಸಾಹೇಬರು, ನರ್ಸಮ್ಮ, ಭಾವಮೈದುನ, ಅತ್ತೆ ಎಲ್ಲ ನಿಂತಿದ್ದರು. ಹೆಂಡತಿ ಆ ಕಡೆ ಚೌಕಟ್ಟೊಂದನ್ನು ನೇರ ಮಾಡುತ್ತಿದ್ದಳು, ಅವಳಿಗೆ ಕೇಳಿಸುವಂತಿರಲಿಲ್ಲ. ಹೌದೆಂದರೆ ಯಾರೂ ಇಲ್ಲವೆನ್ನುತ್ತಿರಲಿಲ್ಲ.

"ಅಲ್ಲ ಸಾರ್. ಫೋಟೋ ತೆಗೆಯೋರು ನಮ್ಮ ಮನೆಯವರು" ಎಂದು ಅವಳ ಕಡೆ ತೋರಿಸಿದ.

ಹಾಗಾದರೆ ತಾವು ಎಂದು ಅಧಿಕಾರಿ ಕೇಳಿದರು.

ಮಾಮ ಎದೆ ಸೆಟೆಸಿ ನಿಂತ.

"ನಾನು ಹೆಣೀತೀನಿ" ಅಂದ.